ಕರೆಯದೆ ಉಣ್ಣುವಂತಿಲ್ಲ

"ಮೊದಲು ಹಿರಿಯರನ್ನು ಕರೆ, ಆಮೇಲೆ ಊಟ," ಎಂದು ವಾಯ್‌ಲಿಂಗ್ ಮಗನ ಕೈಯನ್ನು ತಟ್ಟೆಯಿಂದ ಮೆಲ್ಲಗೆ ಸರಿಸಿದಳು.

ನೆಲ್ವಿನ್ ಮುಖ ಊದಿಸಿಕೊಂಡ. ಬಂಗುಡೆ ಸಾರಿನ ಪರಿಮಳ ಮೂಗಿಗೆ ಬಡಿಯುತ್ತಿರುವಾಗ ಏಳು ವರ್ಷದ ಹುಡುಗನಿಗೆ ಇದೆಂಥ ಶಿಕ್ಷೆ! ವಾಯ್‌ಲಿಂಗ್ ದೋಹಾದ ಹೋಟೆಲೊಂದರಲ್ಲಿ ಜೊತೆಗೆ ಕೆಲಸಕ್ಕಿದ್ದ ಅಲೋಶಿಯಸ್‌ನನ್ನು ಮೆಚ್ಚಿ ಮದುವೆಯಾದವಳು, ಹಾಂಗ್‌ಕಾಂಗಿನವಳು. ಅವಳ ತವರಿನಲ್ಲಿ ಕಿರಿಯರು ಒಬ್ಬೊಬ್ಬ ಹಿರಿಯರನ್ನೂ ಸಂಬಂಧ ಹಿಡಿದು ಕರೆದು, "ಸಿಕ್ ಫಾನ್", ಅಂದರೆ ಊಟ ಮಾಡಿ, ಎನ್ನದೆ ತುತ್ತು ಎತ್ತುವಂತಿರಲಿಲ್ಲ. ದೋಹಾದ ಐನ್ ಖಾಲಿದ್ ಬಡಾವಣೆಯ ಈ ಮನೆಯಲ್ಲಿ ಆ ಕ್ಯಾಂಟನೀಸ್ ಮಾತು ಅವಳೊಬ್ಬಳ ಬಾಯಲ್ಲೇ ಉಳಿದಿತ್ತು. ಮಗನ ಬಾಯಿಂದ ಅದನ್ನೊಮ್ಮೆ ತನ್ನ ತಾಯಿಗೆ ಕೇಳಿಸಬೇಕೆಂಬ ಆಸೆ ಅವಳಿಗಿತ್ತು.

"ಕೊಂಕಣಿಯೇ ನೆಟ್ಟಗೆ ಬರುವುದಿಲ್ಲ ಇವನಿಗೆ. ಇನ್ನು ಇದೊಂದು ಬೇರೆ," ಎಂದರು ಅತ್ತೆ ಸೆಲೆಸ್ಟಿನ್ ಬಾಯಿ. ಸಾವಿರದ ಒಂಬೈನೂರ ತೊಂಬತ್ತೈದರ ಆ ಬೇಸಿಗೆಯಲ್ಲಿ ಅವರು ವಿಸಿಟ್ ವೀಸಾದಲ್ಲಿ ಮಂಗಳೂರಿನಿಂದ ಬಂದಿದ್ದರು. "ಪ್ರಾರ್ಥನೆ ಆಯ್ತಲ್ಲ ಮಾರಾಯ್ತಿ, ಉಣ್ಲಿ ಮಗು." ಅಲೋಶಿಯಸ್ ತಾಯಿಗೂ ಹೆಂಡತಿಗೂ ನಡುವೆ ಬಾಯಿ ಹಾಕುವ ಗಂಡಸಲ್ಲ, ಮೀನಿನ ಮುಳ್ಳು ಬಿಡಿಸುತ್ತ ಕೂತ.

ಅಷ್ಟರಲ್ಲಿ ಫೋನ್ ಬಡಿಯಿತು. ಇಲ್ಲಿ ಮಧ್ಯಾಹ್ನದ ಊಟವಾದರೆ ಅಲ್ಲಿ ರಾತ್ರಿಯೂಟದ ಹೊತ್ತು. ಪ್ರತಿ ಶುಕ್ರವಾರ ವಾಯ್‌ಲಿಂಗಳ ತಾಯಿ ಅನ್ನ ಬಡಿಸಿಕೊಂಡೇ ಫೋನ್ ಮಾಡುತ್ತಿದ್ದರು. ನಾಲ್ಕು ಮಾತಾಡಿ ಅವಳು ಮಗನನ್ನು ಫೋನಿನ ಬಳಿ ಕರೆದು ರಿಸೀವರನ್ನು ಅವನ ಕಿವಿಗಿಟ್ಟಳು. "ಹೇಳು. ನಿನ್ನ ಪೊ ಪೊ, ನನ್ನ ಅಮ್ಮ, ಊಟಕ್ಕೆ ಕಾಯ್ತಿದ್ದಾರೆ."

"ಹಲೋ ಗ್ರ್ಯಾಂಡ್‌ಮಾ, ಹೌ ಆರ್ ಯು, ಬೈ!" ಎಂದವನೇ ನೆಲ್ವಿನ್ ಫೋನ್ ಇಟ್ಟೇಬಿಟ್ಟ.

ವಾಯ್‌ಲಿಂಗ್ ಏನೂ ಆಗದವಳಂತೆ ಬಂದು ಕೂತು ಅನ್ನಕ್ಕೆ ಸಾರು ಸುರಿದುಕೊಂಡಳು. ತಟ್ಟೆ ತುಂಬಿ ಮೇಜಿಗೆ ಹರಿದರೂ ಸುರಿಯುತ್ತಲೇ ಇದ್ದಳು.

ಸೆಲೆಸ್ಟಿನ್ ಬಾಯಿ ಅದನ್ನು ನೋಡಿದರು. ಊರಿನಲ್ಲಿ ಫೋನಿನ ಪಕ್ಕವೇ ಕಾದು ಕೂತ ಎಷ್ಟೋ ಭಾನುವಾರ ಮೊಮ್ಮಗನ ಇದೇ "ಹಲೋ, ಬೈ" ಅವರ ಕಿವಿಗೂ ಬಿದ್ದಿತ್ತು. ಬಾಯಿಗೆ ಹೊರಟ ತುತ್ತನ್ನು ಅವರು ತಟ್ಟೆಗೇ ಇಟ್ಟರು.

"ನನ್ನನ್ನೂ ಯಾರೂ ಕರೆಯಲಿಲ್ಲ. ನನಗೂ ಊಟ ಬೇಡ. ನಿನ್ನ ಭಾಷೆಯಲ್ಲಿ ನಾನು ಎಂತ, ವಾಯ್‌ಲಿಂಗ್?"

"ಮಾ ಮಾ. ಅಪ್ಪನ ಅಮ್ಮ."

ನೆಲ್ವಿನ್ ಅಜ್ಜಿಯ ಮುಖ ನೋಡಿದ. ತಮಾಷೆಯಂತೆ ಕಾಣಲಿಲ್ಲ. "ಮಾ ಮಾ, ಸಿಕ್ ಫಾನ್," ಎಂದ.

"ನಿನ್ನ ಪೊ ಪೊ ನನಗಿಂತ ದೊಡ್ಡವರು. ಅವರು ಉಣ್ಣದೆ ನಾನು ಉಣ್ಣುವುದು ಹೇಗೆ?" ಎಂದು ಸೊಸೆಯತ್ತ ತಿರುಗಿದರು. "ಫೋನ್ ಮಾಡು ಮಾರಾಯ್ತಿ."

ವಾಯ್‌ಲಿಂಗ್ ಸಾರಿನ ಕೈಯಲ್ಲೇ ನಂಬರು ಒತ್ತಿದಳು. ರಿಸೀವರಿನ ಸುರುಳಿ ವಯರು ತಟ್ಟೆಗಳನ್ನು ದಾಟಿ ಹುಡುಗನವರೆಗೆ ಎಳೆದುಕೊಂಡು ಬಂತು.

"ಪೊ ಪೊ," ಎಂದ ನೆಲ್ವಿನ್. "ಸಿಕ್ ಫಾನ್."

ಎಲ್ಲರೂ ತಟ್ಟೆ ಮುಟ್ಟದೆ ಕಾದರು.

"ಮಾತೇ ಇಲ್ಲ ಮಮ್ಮಿ. ಏನೋ ಟಕ್ ಟಕ್ ಅಂತಿದೆ."

ವಾಯ್‌ಲಿಂಗ್ ರಿಸೀವರಿಗೆ ಕಿವಿಯಿಟ್ಟಳು. ಪಿಂಗಾಣಿ ಬಟ್ಟಲಿಗೆ ಊಟದ ಕಡ್ಡಿ ತಾಗುವ ಸದ್ದು.

"ಉಣ್ತಿದ್ದಾರೆ," ಎಂದಳು.

ಸೆಲೆಸ್ಟಿನ್ ಬಾಯಿ ಆರಿದ ಅನ್ನ ಕಲಸತೊಡಗಿದರು. ವಾಯ್‌ಲಿಂಗ್ ಕಣ್ಣು ಮುಚ್ಚಿಕೊಂಡು, ಆ ಊಟ ಮುಗಿಯುವವರೆಗೂ ಕೇಳುತ್ತ ನಿಂತಿದ್ದಳು.