ಕೊನೆಯ ಸಾಲಿನ ಹೆಸರು

"ಸರ್ಕೊಳ್ರಿ, ಮಾಸ್ತರ ಬಾಯಾರು ಬಂದ್ರು" ಎನ್ನುತ್ತ ಎದುರು ಮನೆಯ ಭಾಗಮ್ಮ ಮಥುರಾಬಾಯಿಯ ಕೈ ಹಿಡಿದು ಹೆಂಗಸರ ಗುಂಪಿನ ನಡುವಿನಿಂದ ಒಳಕ್ಕೆ ಎಳೆದುಕೊಂಡಳು.

ನಡುಮನೆಯಲ್ಲಿ ಲತೀಫಾಳನ್ನು ತೊಳೆದು, ಬಿಳಿ ಬಟ್ಟೆ ಸುತ್ತಿ ಮಲಗಿಸಿದ್ದರು. ಮುಖ ಮಾತ್ರ ತೆರೆದಿತ್ತು. ತುಟಿಗಳು ತುಸು ಬಿಚ್ಚಿಕೊಂಡಿದ್ದವು, ಏನೋ ಹೇಳಲು ಹೊರಟು ನಿಂತವಳ ಹಾಗೆ.

"ಮೂರು ಸಲ ಮುಚ್ಚಿದ್ನಿರಿ" ಎಂದಳು ಮೈ ತೊಳೆದಿದ್ದ ನೆರೆಮನೆಯ ಮೆಹಬೂಬಿ, ಮೆಲ್ಲಗೆ. "ಗದ್ದಕ್ಕ ಬಟ್ಟಿನೂ ಕಟ್ಟಿದ್ನಿ. ಮತ್ತ ತೆರೀತಾವ. ನಾ ಎಷ್ಟು ಮಯ್ಯತ್ ತೊಳದೀನಿ, ಹಿಂಗ ಕಂಡಿಲ್ಲ."

ಮಥುರಾಬಾಯಿ ಗೋಡೆಗೆ ಒತ್ತಿ ಕೂತಳು. ಈ ಮನೆಗೆ ಕಾಲಿಡದೆ ಹದಿನೈದು ವರ್ಷವಾಗಿತ್ತು. ಮೂಲೆಯಲ್ಲಿ ಹೊಲಿಗೆ ಯಂತ್ರ, ಅದರ ಸೂಜಿಯ ಕೆಳಗೆ ಯಾರದೋ ಅರ್ಧ ಹೊಲಿದ ಕುಪ್ಪಸದ ತೋಳು. ಗಂಡ ಕರೀಂಸಾಬ್ ತೀರಿದ ಮೇಲೆ ಲತೀಫಾ ಬದುಕಿದ್ದು ಆ ಯಂತ್ರದಿಂದಲೇ. ಮಕ್ಕಳಿರಲಿಲ್ಲ. ಕಮಲಾಪುರದಲ್ಲಿ ಇಸ್ಮಾಯಿಲಿ ಖೋಜಾಗಳ ಮನೆಯೆಂದರೆ ಇದೊಂದೇ. ಅದಕ್ಕೇ ಸುದ್ದಿ ಹೋದ ಕೂಡಲೇ ಲತೀಫಾಳ ಅಣ್ಣನ ಮಗ ಶಬ್ಬೀರ್, ಹೈದರಾಬಾದಿನಲ್ಲಿರುವ ತಮ್ಮ ಪಂಥದ ಹಿರಿಯರಾದ ಮುಖೀಸಾಹೇಬರನ್ನು ಕರೆದುಕೊಂಡು ಬೆಳಗಿನೊಳಗೆ ಬಂದಿದ್ದ.

ಮುಖೀಸಾಹೇಬರು ಹೊಸ್ತಿಲಾಚೆ ನಿಂತು ಮಾತಾಡಿದರು. ಬೀದರಿನಲ್ಲಿ ಹುಟ್ಟಿ ಬೆಳೆದವರಾದ್ದರಿಂದ ಕನ್ನಡ ಬರುತ್ತಿತ್ತು.

"ಬಾಯಿ, ಎತ್ತೋ ಮುಂಚೆ ಒಂದು ಗಿನಾನ್ ಹಾಡಬೇಕು ಅಂತ ಲತೀಫಾಬಾಯಿ ಹೇಳಿಟ್ಟಾರ. ಗಿನಾನ್ ಅಂದ್ರ ನಮ್ಮ ಭಜನಾ ಇದ್ದಂಗ. ನನಗ ನೂರಾರು ಬರ್ತಾವ. ಆದ್ರ ಇದು ಅವರ ತಾಯಿ ಮನಿದು, ನಮ್ಮ ಪುಸ್ತಕದಾಗ ಇಲ್ಲ. ನಿಮಗ ಬರ್ತದಂತ."

"ನನಗ ಬರ್ತದ ಅಂತ ಯಾರು ಅಂದ್ರು?"

"ಆಕಿನೇ" ಎಂದಳು ಭಾಗಮ್ಮ.

*

ಮಥುರಾಬಾಯಿಯ ಗಂಡ ಪಾಂಡುರಂಗ ಮಾಸ್ತರರು ಕಮಲಾಪುರದ ಶಾಲೆಗೆ ವರ್ಗವಾಗಿ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಲತೀಫಾಳ ಪಕ್ಕದ ಮನೆ. ಎರಡು ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಆಗ ಮಗ ಮುಕುಂದನಿಗೆ ಮೂರು ತಿಂಗಳು. ರಾತ್ರಿಯೆಲ್ಲ ಅಳುವ ಕೂಸು. ಒಂದು ಬೆಳಗಿನ ಜಾವ ಗೋಡೆಯಾಚೆಯಿಂದ ಹಾಡು ಕೇಳಿತು. ಗಂಡಸಿನದೋ ಹೆಂಗಸಿನದೋ ತಿಳಿಯದಂಥ ದಪ್ಪ ದನಿ. ಕೂಸು ಅಳು ನಿಲ್ಲಿಸಿತು. ಕೊನೆಯ ಸಾಲಿಗೆ ಮೊದಲು ಆ ದನಿ ಉಸಿರಿಗಾಗಿ ನಿಂತಿತು. ಹಾಡು ಮುಗಿಯಿತೇನೋ ಅನ್ನಿಸುವಷ್ಟು ಹೊತ್ತು. ಕೂಸು ಕಣ್ಣರಳಿಸಿ ಗೋಡೆಯ ಕಡೆ ನೋಡಿತು. ಕೊನೆಯ ಸಾಲು ಬಂದದ್ದೇ ತಡ, ನಿದ್ದೆ ಹೋಯಿತು.

ಮನೆ ಗುಡಿಸಿ, ಬಾಗಿಲು ತೆರೆದಿಟ್ಟು ಒಡೆಯನ ದಾರಿ ಕಾಯುವ ಹೆಣ್ಣಿನ ಹಾಡು ಅದು. ಅರ್ಧ ಗುಜರಾತಿ, ಅರ್ಧ ಹಿಂದಿ. ಮರಾಠಿ ಬಲ್ಲ ಮಥುರಾಬಾಯಿಗೆ ಮುಕ್ಕಾಲು ಪಾಲು ತಿಳಿಯಿತು. ಮರುದಿನ ಹಿತ್ತಲಲ್ಲಿ ಆಕೆಯೇ ಮಾತು ತೆಗೆದಳು.

"ನಿಮ್ಮ ಹಾಡಿನ್ಯಾಗ ಹರಿ ಅದಾನಲ್ಲ!"

ಲತೀಫಾ ನಕ್ಕಳು. "ಇರಲಾರದೇನು? ಹತ್ತನೇ ಅವತಾರ ಇನ್ನ ಬರೋದದ ಅಂತ ನೀವು ಅಂತೀರಿ. ನಾವು ಬಂದದ ಅಂತೀವಿ. ಅಷ್ಟ ಫರಕ್."

"ನಮ್ಮಜ್ಜಿನೂ ಹಿಂಗ ಹಾಡ್ತಿದ್ದಳು. ಆಕಿದು ಕೊನೀಗೆ ವಿಠ್ಠಲ."

"ನಮ್ಮದು ಕೊನೀಗೆ ಅಲಿ. ಬಾಕಿ ಕಾಯೋದೆಲ್ಲ ಒಂದೇ ನೋಡು."

ಮಾಸ್ತರರ ಮನೆಯವರು ಕಲಬುರಗಿಗೆ ಹೋಗುವವರೆಗೆ, ಹದಿನೆಂಟು ವರ್ಷ ಆ ಗೋಡೆಯ ಈಚೆ ಆಚೆ ಇಬ್ಬರೂ ಬದುಕಿದರು. ಹಾಡನ್ನು ಯಾರೂ ಕಲಿಸಲಿಲ್ಲ. ಮಥುರಾಬಾಯಿಗೆ ಅದು ಬಂತು, ಅಷ್ಟೇ.

*

ಅಂಗಳದಿಂದ ಮುಕುಂದ ಒಳಗೆ ಇಣುಕಿ, ತಾಯಿಯನ್ನು ಪಡಸಾಲೆಗೆ ಕರೆದ. ಬ್ಯಾಂಕಿಗೆ ಅರ್ಧ ದಿನ ರಜೆ ಹಾಕಿ ಬಂದವನು.

"ಆಯಿ, ಮಣ್ಣಿಗೆ ಬಂದೀವಿ, ಮುಖ ನೋಡಿದಿ. ಅಷ್ಟು ಸಾಕಲ್ಲ? ಹಾಡೋದೆಲ್ಲ ಯಾಕ? ನಮ್ಮವರ ಕಿವಿಗೆ ಬಿದ್ರ ಅಪ್ಪಗ ಕೇಳ್ತಾರ."

"ಅದಕ್ಕಲ್ಲೋ ನಾ ಹೆದರೋದು."

"ಮತ್ಯಾತಕ್ಕ?"

ಆಕೆ ಒಳಗೆ ಬಂದು ಭಾಗಮ್ಮನ ಪಕ್ಕ ಕೂತು ಕೇಳಿದಳು: "ನನ್ನ ಬಗ್ಗೆ ಖರೇ ಏನಂದ್ಲು?"

"ಅನ್ನಾಕ ದನಿ ಎಲ್ಲಿತ್ರಿ? ಮೂರು ದಿನದಿಂದ ಬರೀ ತುಟಿ ಅಲ್ಲಾಡ್ತಿದ್ವು. ಬೆಳಗಾದ್ರ ಎದ್ದು ಕೂಡಾಕಿ, ಹಾಡೋರಂಗ ಬಾಯಿ ತೆರ್ಯಾಕಿ. ಒಂದು ಸಪ್ಪಳಿಲ್ಲ. ಕಿವಿ ಹಚ್ಚಿದ್ರೂ ಇಲ್ಲ. ನನಗ ಅಂಜಿಕಿ ಬಂತು. ದನಿ ಎಲ್ಲಿ ಹೋತವ್ವ ಅಂತ ಕೇಳಿದ್ನಿ. ಕಲಬುರಗಿ ಕಡಿ ಬಟ್ಟು ಮಾಡಿದ್ಲು."

ಮಥುರಾಬಾಯಿ ಭಾಗಮ್ಮನ ಇನ್ನೂ ಹತ್ತಿರಕ್ಕೆ ಸರಿದಳು.

"ಅದಕ್ಕೂ ಮೊದಲ, ದನಿ ಇದ್ದಾಗ ಅಂದಿದ್ಲರಿ: ನನ್ನ ಹಾಡು ಮಥುರಾನ ಹಂತ್ಯಾಕ ಅದ, ಇಟ್ಟು ಬಂದೀನಿ ಅಂತ."

"ಇಟ್ಟು ಬಂದೀನಿ ಅಂದ್ಲಾ?"

"ಹೂಂ ರೀ. ಯಾಕ?"

*

ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡು ಬಂದ ಮರುವರ್ಷದ ಏಕಾದಶಿ. ಓಣಿಯ ಭಜನೆಯ ಹೆಂಗಸರೆಲ್ಲ ಮಥುರಾಬಾಯಿಯ ಮನೆಯಲ್ಲಿ ಸೇರಿದ್ದರು. ಕರೀಂಸಾಬನ ಔಷಧಕ್ಕೆಂದು ಕಲಬುರಗಿಗೆ ಬಂದಿದ್ದ ಲತೀಫಾ ಹೇಳದೆ ಕೇಳದೆ ಬಂದು, ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕ ಕೂತಿದ್ದನ್ನು ಮಥುರಾಬಾಯಿ ಹಾಡುತ್ತಲೇ ಕಂಡಳು. ಹಾಡುತ್ತಿದ್ದದ್ದು ಅದೇ ಹಾಡು. ತನ್ನ ತೆಳ್ಳಗಿನ ದನಿಯಲ್ಲಿ, ಕೊನೆಯ ಸಾಲಿಗೆ ವಿಠ್ಠಲನನ್ನು ಕೂರಿಸಿ.

ತಾಳ ನಿಂತ ಮೇಲೆ ಪಾರ್ವತೀಬಾಯಿ ಕಣ್ಣೊರೆಸಿಕೊಂಡು ಕೇಳಿದಳು: "ಎಷ್ಟು ಛಂದ ಅದ! ಯಾರು ಕಲಿಸಿದ್ರಿ ಇದನ್ನ?"

ಬಾಗಿಲ ಕಡೆ ನೋಡದೆ ಮಥುರಾಬಾಯಿ ಅಂದಳು: "ನಮ್ಮಜ್ಜಿದು."

ಲತೀಫಾ ತನಗೆ ಕೊಟ್ಟ ನೀರು ಕುಡಿದು, ಲೋಟ ಬೋರಲು ಹಾಕಿ, "ಬಸ್ಸಿಗೆ ಹೊತ್ತಾತು" ಎಂದು ಎದ್ದಳು. ಮತ್ತೆ ಬರಲಿಲ್ಲ. ಕರೀಂಸಾಬ್ ಸತ್ತಾಗ ಮಥುರಾಬಾಯಿಯೂ ಹೋಗಲಿಲ್ಲ. ಹೋದರೆ ಆ ಮಾತು ಬರುತ್ತದೆ ಎಂಬ ಭಯ. ಹಾಡನ್ನು ಮಾತ್ರ ಬಿಡಲಿಲ್ಲ. ಏಕಾದಶಿಗೊಮ್ಮೆ ಎಲ್ಲರೂ ಅದನ್ನೇ ಕೇಳುತ್ತಿದ್ದರು.

*

"ಹೊತ್ತಾಗ್ಯದ ಬಾಯಿ" ಎಂದರು ಮುಖೀಸಾಹೇಬರು.

ಮಥುರಾಬಾಯಿ ಲತೀಫಾಳ ತಲೆಯ ಪಕ್ಕಕ್ಕೆ ಸರಿದು ಕೂತಳು. ಸುತ್ತಲಿದ್ದವರಿಗೆ ಕೇಳುವ ಹಾಗೆ ಹೇಳಿದಳು: "ಇದು ಈಕಿ ಹಾಡು. ನಮ್ಮಜ್ಜಿದಲ್ಲ."

ಯಾರಿಗೂ ಅದು ಏನೆಂದು ತಿಳಿಯಲಿಲ್ಲ.

ಹಾಡು ಸುರುವಾಯಿತು. ಅವಳದೇ ದನಿ, ತೆಳ್ಳಗೆ, ಅರವತ್ತು ದಾಟಿದ ನಡುಕದೊಂದಿಗೆ. ಗುಡಿಸಿದ ಮನೆ ಬಂತು, ತೆರೆದ ಬಾಗಿಲು ಬಂತು. ಹರಿ ಬಂದ, ಸ್ವಾಮಿ ಬಂದ. ಹೆಂಗಸರು ಒಬ್ಬೊಬ್ಬರಾಗಿ ಅಳು ನಿಲ್ಲಿಸಿ ಕೇಳತೊಡಗಿದರು. ಅಂಗಳದಲ್ಲಿ ಗಂಡಸರ ಮಾತು ಅಡಗಿತು.

ಕೊನೆಯ ಸಾಲು ಬಂದಾಗ ನಾಲಿಗೆಯ ತುದಿಯಲ್ಲಿ ವಿಠ್ಠಲ ಬಂದು ನಿಂತ. ಹದಿನೈದು ವರ್ಷದ ರೂಢಿ. ಮಥುರಾಬಾಯಿ ನಿಂತುಬಿಟ್ಟಳು. ಆ ಹೆಸರನ್ನು ನುಂಗಿ ಇನ್ನೊಂದನ್ನು ಹುಡುಕಿದಳು. ಗಂಟಲಲ್ಲಿ ಏನೂ ಇರಲಿಲ್ಲ. ಉಸಿರೂ ಇರಲಿಲ್ಲ. ಹಾಡು ಮುಗಿಯಿತೆಂದುಕೊಂಡು ಶಬ್ಬೀರ್ ಮುಂದೆ ಬಂದ. ಮುಖೀಸಾಹೇಬರು ಕೈ ಅಡ್ಡ ಹಿಡಿದರು.

ಆಗ ದನಿ ಬಂತು.

ದಪ್ಪ ದನಿ. ಗಂಡಸಿನದೋ ಹೆಂಗಸಿನದೋ ತಿಳಿಯದಂಥದು. ಅಲುಗದೆ, ಅವಸರವಿಲ್ಲದೆ, ಆ ಸಾಲನ್ನು ಮೊದಲಿನಿಂದ ಕೊನೆಯ ಹೆಸರಿನವರೆಗೂ ಹಾಡಿತು. ಬಾಯಿ ತೆರೆದಿದ್ದದ್ದು ಮಥುರಾಬಾಯಿಯದೇ. ಆದರೆ ಆಕೆಯೂ ಉಳಿದವರ ಹಾಗೆಯೇ ಕೇಳುತ್ತ ಕೂತಿದ್ದಳು, ಕಣ್ಣು ಅಗಲವಾಗಿದ್ದವು.

"ಫೂಫೀ!" ಎಂದ ಶಬ್ಬೀರ್, ಸೋದರತ್ತೆ ಕರೆದಾಗ ಓಗೊಡುವ ಹಾಗೆ. ಭಾಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೊರಗೆ ಅಂಗಳದಲ್ಲಿ, ಮೂವತ್ತನಾಲ್ಕು ವರ್ಷದ ಮುಕುಂದ ಗೋಡೆಗೆ ಒರಗಿ ಮೆಲ್ಲಗೆ ಕುಸಿದು ಕೂತ. ಜನ ಹಿಡಿಯಲು ಓಡಿ ಬರುವಷ್ಟರಲ್ಲಿ ಅವನಿಗೆ ನಿದ್ದೆ ಹತ್ತಿತ್ತು.

ಮೆಹಬೂಬಿ ಮಾತ್ರ ಲತೀಫಾಳನ್ನು ನೋಡುತ್ತಿದ್ದಳು. "ಬಾಯಿ ಮುಚ್ಚ್ಯಾಳ" ಎಂದಳು.

ತುಟಿಗಳು ಕೂಡಿಕೊಂಡಿದ್ದವು.

ಮುಖೀಸಾಹೇಬರು "ಈಗ ಎತ್ರಿ" ಎಂದರು.

*

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮಥುರಾಬಾಯಿ ಸೆರಗಿನ ಚುಂಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮಣ್ಣು ಮುಗಿದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಭಾಗಮ್ಮ ಬಸ್ ಸ್ಟ್ಯಾಂಡಿನವರೆಗೆ ಬಂದು "ಮತ್ತ ಬರ್ತೀರಿಲ್ರಿ?" ಅಂದಾಗಲೂ ಬರೀ ತಲೆಯಾಡಿಸಿದ್ದಳು.

"ಆಯಿ, ನೀರು ಕುಡೀತಿ?" ಮುಕುಂದ ಬಾಟಲಿ ಮುಂದೆ ಹಿಡಿದ. ಬೇಡ ಎಂಬಂತೆ ಕೈಯಾಡಿಸಿದಳು.

"ಗಂಟಲಾ ನೋಯಾಕತ್ತದೇನು?"

ಇಲ್ಲವೆಂದು ತಲೆಯಾಡಿಸಿದಳು.

"ಹಂಗಾರ ಏನರೆ ಮಾತಾಡು. ನನಗ ಅಂಜಿಕಿ ಆಗಾಕತ್ತದ."

ಆಕೆ ಮಗನ ಮುಖ ನೋಡಿದಳು. ಬಾಯಿ ತೆರೆಯಲು ಹೊರಟವಳು ಒಳಗಿರುವ ದನಿ ಹೊರಟುಹೋದೀತೆಂದು ತುಟಿ ಬಿಗಿದುಕೊಂಡು, ಮಗನ ಕೈ ತೆಗೆದು ತನ್ನ ಕುತ್ತಿಗೆಯ ಮೇಲೆ ಇಟ್ಟುಕೊಂಡಳು. ಬೆಚ್ಚಗಿನ ಚರ್ಮದ ಒಳಗೆ ಏನೋ ಸಣ್ಣಗೆ ಕಂಪಿಸುತ್ತಿತ್ತು, ನಿಲ್ಲದೆ. ಮುಕುಂದ ಕೈ ತೆಗೆದುಕೊಂಡ.

ಕಪನೂರ ದಾಟಿ ಕಲಬುರಗಿ ಸೇರುವಾಗ ದೀಪ ಹತ್ತಿದ್ದವು. ಬಸ್ಸಿಳಿದು ಅವಳು ಆಟೊ ಒಲ್ಲೆನೆಂದು ಕೈಸನ್ನೆ ಮಾಡಿ ನಡೆಯತೊಡಗಿದಳು. ಮುಕುಂದ ನಾಲ್ಕು ಹೆಜ್ಜೆ ಹಿಂದೆಯೇ ಉಳಿದ. ಬಜಾರಿನ ಗದ್ದಲದ ನಡುವೆ, ಕುತ್ತಿಗೆ ನೆಟ್ಟಗಿಟ್ಟು, ತುಟಿ ಕೂಡಿಸಿ, ಅಂಚಿನವರೆಗೆ ತುಂಬಿದ ಕೊಡ ಹೊತ್ತವಳ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಆಕೆ ಹೋಗುತ್ತಿದ್ದಳು. ಎದುರಿಗೆ ಬಂದವರು, ಯಾಕೆಂದು ತಮಗೇ ತಿಳಿಯದೆ, ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು.