ಹಂಡೆಯ ಪಕ್ಕದ ನಾರ್ಮನ್

ಕೆಲಸದಿಂದ ನಿವೃತ್ತನಾದ ಮರುದಿನ ಟವೆಲ್ ತರುತ್ತೇನೆಂದು ಮಹಡಿ ಹತ್ತಿದ ನಾರ್ಮನ್, ಬಿಸಿನೀರಿನ ಹಂಡೆ ಇದ್ದ ಕಪಾಟಿನೊಳಗೆ ಹೋಗಿ ಬಾಗಿಲು ಹಾಕಿಕೊಂಡವನು ಹನ್ನೊಂದು ವರ್ಷವಾದರೂ ಹೊರಗೆ ಬಂದಿರಲಿಲ್ಲ. ಬಂದಿರಲಿಲ್ಲ ಎಂದರೆ, ಊಟಕ್ಕೆ ಬರುತ್ತಿದ್ದ, ಮಲಗಲು ಬರುತ್ತಿದ್ದ. ಉಳಿದ ಹೊತ್ತೆಲ್ಲ ಹಂಡೆಗೂ ಮಡಿಸಿಟ್ಟ ಹಾಸುಬಟ್ಟೆಗಳಿಗೂ ನಡುವೆ ಮೋಟು ಸ್ಟೂಲಿನ ಮೇಲೆ ಕೂತು, ಟಾರ್ಚಿನ ಬೆಳಕಿನಲ್ಲಿ ಪದಬಂಧ ತುಂಬುತ್ತಿದ್ದ. ಹ್ಯಾಲಿಫ್ಯಾಕ್ಸಿನ ಆ ಸಾಲುಮನೆಯಲ್ಲಿ ಅಷ್ಟು ಬೆಚ್ಚಗಿನ ಜಾಗ ಇನ್ನೊಂದಿರಲಿಲ್ಲ.

ಹೆಂಡತಿ ಬೆರಿಲ್‌ಗೆ ಇದರಿಂದ ಬೇಸರವೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ, ಮೂವತ್ತು ವರ್ಷ ಎದುರುಬದುರು ಕೂತು ಉಪ್ಪು ಮತ್ತು ಮಳೆಯ ಹೊರತು ಬೇರೇನೂ ಮಾತಾಡದಿದ್ದ ಗಂಡಹೆಂಡಿರು, ನಡುವೆ ಒಂದು ಬಾಗಿಲು ಬಂದ ಮೇಲೆ ಮಾತು ಕಲಿತಿದ್ದರು. ಅವಳು ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುತ್ತ, ತಂಗಿ ಐವಿಯ ಮೇಲಿನ ಹೊಟ್ಟೆಕಿಚ್ಚನ್ನೂ ಸೇರಿಸಿ ಎಲ್ಲವನ್ನೂ ಬಾಗಿಲಿಗೆ ಹೇಳಿದ್ದಳು. ಒಂದು ಸಲ ಬಾಗಿಲು ಅತ್ತಿತ್ತು ಕೂಡ.

ಅಷ್ಟರಲ್ಲಿ ಆ ಹಂಡೆಗೆ ನೀರು ಕಾಯಿಸಿ ಕಳಿಸುತ್ತಿದ್ದ ಅಡುಗೆಮನೆಯ ಬಾಯ್ಲರ್ ಕೆಮ್ಮತೊಡಗಿತು. ವಿಷದ ಹೊಗೆ ಸೋರುತ್ತಿದೆ, ಬದಲಾಯಿಸಲೇಬೇಕು ಎಂದ ಗ್ಯಾಸ್ ಕೆಲಸದ ಕ್ರೇಗ್, ನವೆಂಬರ್‌ನ ಒಂದು ಬೆಳಿಗ್ಗೆ ಹೊಸದನ್ನು ಹೊತ್ತು ತಂದ. ಎರಡು ಚಮಚ ಸಕ್ಕರೆಯ ಟೀ ಕುಡಿದು, ಮಹಡಿಗೆ ಹೋಗಿ, ಕಪಾಟಿನ ಹೊರಗಿನ ಕೊಳವೆಗಳನ್ನು ನೋಡಿ, ಹಲ್ಲುಗಳ ಸಂದಿಯಿಂದ ಸ್ಸ್ಸ್ ಎಂದು ಉಸಿರೆಳೆದ. ಆಮೇಲೆ, ಯಾವ ಮನೆಗೆ ಹೋದರೂ ಆ ಕಸುಬಿನವರು ಮೊದಲು ಹೇಳಲೇಬೇಕಾದ ಮಾತು ಹೇಳಿದ:

"ಅಯ್ಯೋ ಅಮ್ಮಾ, ಇದನ್ನ ಯಾವ ಪುಣ್ಯಾತ್ಮ ಕೂರಿಸಿದ್ದು?"

ಈ ಪ್ರಶ್ನೆಗೆ ಯಾರೂ ಉತ್ತರ ಕೊಡುವ ಪದ್ಧತಿಯಿಲ್ಲ.

"ನಾನೇ!" ಎಂದಿತು ಕಪಾಟು.

ಕ್ರೇಗ್ ಟೋಪಿ ತೆಗೆದ. "ಓ, ಒಳಗೆ ಗಂಡ ಇದಾರಾ? ಮುಂಚೇನೇ ಹೇಳ್ಬಾರ್ದಾ? ಫಾರಂನಲ್ಲಿ ಬರೀಬೇಕು."

"ನಿಮಗೆ ಆಶ್ಚರ್ಯ ಆಗ್ಲಿಲ್ವಾ?" ಎಂದಳು ಬೆರಿಲ್.

"ಏನಾಶ್ಚರ್ಯ? ಹದಿನಾಲ್ಕನೇ ನಂಬರ್ ಮನೇಲಿ ಕಪಾಟೊಳಗೆ ಅತ್ತೆ ಇದ್ರು. ಎಳೆದು ತೆಗೆಯೋಕೆ ಅರ್ಧ ದಿನ ಹಿಡೀತು." ಅವನು ಬಾಗಿಲು ತಟ್ಟಿದ. "ಯಜಮಾನ್ರೇ, ಹೊಸದಕ್ಕೆ ಹಂಡೆ ಬೇಡ. ನಲ್ಲಿ ತಿರುಗಿಸಿದಾಗ ನೀರು ಕಾಯಿಸತ್ತೆ ಅಷ್ಟೆ."

"ಮತ್ತೆ ಕಪಾಟು?" ಎಂದ ನಾರ್ಮನ್.

"ಕಪಾಟು ತಣ್ಣಗಿರತ್ತೆ. ಪೊರಕೆ ಇಟ್ಕೊಳ್ಳಿ."

ಬೆರಿಲ್‌ಗೆ ಬೇರೆಯೇ ಚಿಂತೆ. ಹಂಡೆ ಹೋದರೆ ಹೋಗಲಿ, ಮಾತು ಎಲ್ಲಿಗೆ ಹೋಗುತ್ತದೆ?

"ಹಳೇದನ್ನೇ ರಿಪೇರಿ ಮಾಡಕ್ಕಾಗಲ್ವಾ?" ಎಂದಳು ಮೆಲ್ಲಗೆ.

"ಸಾಯ್ತೀರಮ್ಮಾ. ಇಬ್ರೂ."

ನಾರ್ಮನ್ ಒಂದು ಟವೆಲನ್ನು ಶಾಲಿನಂತೆ ಹೊದ್ದು ಹೊರಬಂದ. ಕ್ರೇಗ್ ಫಾರಂನಲ್ಲಿ 'ತೆಗೆದದ್ದು: ಹಂಡೆ ಒಂದು, ಗಂಡ ಒಂದು' ಎಂದು ಬರೆದು ಅವಳಿಂದ ಸಹಿ ಹಾಕಿಸಿಕೊಂಡ. ಹಂಡೆಯನ್ನು ವ್ಯಾನಿಗೆ ಹಾಕಿದ ಮೇಲೆ, "ಇವರನ್ನ ಕೋಣೆ ಕಾಯಿಸೋ ರೇಡಿಯೇಟರ್ ಪಕ್ಕ ಇಡಿ. ಒಂದು ವಾರದಲ್ಲಿ ಹೊಂದ್ಕೋತಾರೆ" ಎಂದು ಹೇಳಿ ಹೊರಟ.

ಹೊಸ ಬಾಯ್ಲರ್ ಬೆಳ್ಳಗೆ, ಪುಟ್ಟದಾಗಿ, ಅಡುಗೆಮನೆಯ ಗೋಡೆಯ ಮೇಲೆ ಹಸಿರು ದೀಪ ಹೊತ್ತಿಸಿಕೊಂಡು ತುಟಿ ಪಿಟಕ್ಕೆನ್ನದೆ ಇತ್ತು. ಅದರ ಕೆಳಗೆ ಇಬ್ಬರೂ ಎದುರುಬದುರು ಕೂತರು.

"ಉಪ್ಪು?"

"ಸಾಕು."

"ಮಳೆ ಬರೋ ಹಾಗಿದೆ."

"ಹೂಂ."

ಹೀಗೇ ಮೂರು ದಿನ. ನಡುವೆ ನಾರ್ಮನ್ ಎತ್ತಿಕೊಟ್ಟ ಫೋನಿನಲ್ಲಿ ಐವಿ ಬೆರಿಲ್‌ಗೆ, ಕ್ಷಮಿಸು ಎಂದಿದ್ದಳು. ಯಾತಕ್ಕೆಂದು ಹೇಳಿರಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ! ಬೆರಿಲ್ ಅದನ್ನು ಹೇಳಲೆಂದು ಬಾಯಿ ತೆರೆದಳು. ಎದುರಿಗೆ ನಾರ್ಮನ್‌ನ ಮುಖವಿತ್ತು, ಎರಡು ಕಣ್ಣುಗಳ ಸಮೇತ. ಬಾಯಿ ಮುಚ್ಚಿ ಸಾಸ್ ಬಾಟಲಿ ಅವನತ್ತ ತಳ್ಳಿದಳು.

ನಾಲ್ಕನೇ ದಿನ ಮಧ್ಯಾಹ್ನ ಅವಳು ಕೋಟು, ಉಣ್ಣೆಯ ಟೋಪಿ, ಕೈಗವಸು ಎಲ್ಲ ಹಾಕಿಕೊಂಡು ಮಹಡಿ ಹತ್ತಿದಳು. ಕಪಾಟಿನ ಹಲಗೆಯ ಮೇಲೆ ಹಂಡೆ ಕೂತಿದ್ದ ದುಂಡು ಕಲೆ ಮಾತ್ರ ಉಳಿದಿತ್ತು. ಮೋಟು ಸ್ಟೂಲಿನ ಮೇಲೆ ಕೂತು ಬಾಗಿಲೆಳೆದುಕೊಂಡಳು. ಬಾಯಿಂದ ಹಬೆ ಬರುತ್ತಿತ್ತು.

ಎಷ್ಟೋ ಹೊತ್ತಾದ ಮೇಲೆ ಮೆಟ್ಟಿಲು ಕಿರುಗುಟ್ಟಿತು. ಯಾರೋ ಉಸ್ಸೆಂದು ಕೂತರು. ಬಟ್ಟಲಿನಲ್ಲಿ ಬಟಾಣಿ ಬಿದ್ದ ಸದ್ದಾಯಿತು.

"ಬೆರಿಲ್, ಒಳಗೆ ಚಳಿ ಇದ್ಯೇನೇ?"

"ಮೂಗು ಉದುರೋ ಅಷ್ಟು."

"ಹಾಗಾದ್ರೆ ಬೇಗ ಹೇಳು ಮಾರಾಯ್ತಿ," ಎಂದ ನಾರ್ಮನ್. "ಐವಿ ಏನಂದ್ಲು?"