ರಾಚೋ ಮೇಸ್ತ್ರಿಯ ಎರಡನೇ ಚಾವಿ

ಮಂಗಳವಾರ ಇಗ್ಲಿಕಾ ಬೀಸಿದ ಸ್ಪ್ಯಾನರ್ ವೆಲ್ಕೊನ ಮೂಗಿಗೆ ಬಿದ್ದ ಸದ್ದು ಬಾಲ್ಕನ್ ಬೆಟ್ಟದ ಆಚೆ ಮಗ್ಗುಲಿಗೂ ಕೇಳಿಸಿರಬೇಕು. ಮೂಗು ಎಡಗಡೆಗೆ ಹೊರಟುಹೋಯಿತು, ಮುಖ ಮಾತ್ರ ಇದ್ದಲ್ಲೇ ಉಳಿಯಿತು. ಕ್ರಿಸ್‌ಮಸ್ಸಿಗೆ ಹಂದಿ ಕೊಯ್ದರೂ ಅಷ್ಟು ರಕ್ತ ಬರುವುದಿಲ್ಲ. ವೆಲ್ಕೊ ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗದೆ ಅವಳ ಜಡೆ ಹಿಡಿದು ತಲೆಯನ್ನು ಲೇತ್ ಯಂತ್ರಕ್ಕೆ ಚಚ್ಚಿದ. ಅವಳು ಅವನ ಮುಂಗೈಗೆ ಹಲ್ಲು ಊರಿ ನೇತಾಡಿದಳು. ಕಾರ್ಯಾಗಾರದ ರಾಚೋ ಮೇಸ್ತ್ರಿ ಓಡಿಬಂದು ಇಬ್ಬರನ್ನೂ ಬೆಕ್ಕಿನ ಮರಿಗಳಂತೆ ಕುತ್ತಿಗೆಪಟ್ಟಿ ಹಿಡಿದು ಎತ್ತದಿದ್ದರೆ, ಸ್ಟುದೆನೆಟ್ಸ್ ಊರಿನ ವಿಶ್ವವಿದ್ಯಾಲಯದಲ್ಲಿ ಆ ವರ್ಷ ಎರಡು ಬೆಂಚು ಖಾಲಿಯಾಗುತ್ತಿದ್ದವು.

"ಬಿಡಿ ಮೇಸ್ತ್ರಿ! ಬೆಳಗ್ಗೆಯಿಂದ ರೋಬೋಟಿಗೆ ಬೀಗ ಜಡಿದು ಊರು ತಿರುಗೋಕೆ ಹೋಗಿದ್ಲು ಇವಳು. ಒಳಗೆ ನರಪಿಳ್ಳೆ ಇಲ್ಲ. ನಾನು ಯಾವಾಗ ಕೆಲಸ ಮಾಡ್ಲಿ, ಸತ್ತ ಮೇಲಾ?"

"ಮರ್ತುಹೋಯ್ತು ಕಣೋ. ಬಂದು ಕೇಳ್ಬೇಕಿತ್ತು. ಎಲ್ಲರ ಮುಂದೆ ಕಳ್ಳಿ ಅಂತ ಯಾಕೋ ಕೂಗ್ದೆ?"

"ಕಳ್ಳೀನೇ ನೀನು!"

"ಇನ್ನೊಂದ್ಸಲ ಹೇಳು, ಮೂಗು ಬಲಗಡೆಗೆ ತರ್ತೀನಿ."

ಜಗಳವೆಲ್ಲ ಕಬ್ಬಿಣದ ಬಲೆಯ ಗೂಡಿನೊಳಗಿದ್ದ ರೋಬೋಟಿನ ಮೇಲೆ. ಆನೆಯ ಸೊಂಡಿಲಿನಷ್ಟು ದಪ್ಪದ ಒಂಟಿ ತೋಳು. ತಟ್ಟೆಯಿಂದ ಹದಿನೆಂಟು ಕಿಲೋ ತೂಕದ ಬೀಡುಕಬ್ಬಿಣದ ಪಂಪಿನ ಚಿಪ್ಪನ್ನು ಕಚ್ಚಿ ಎತ್ತಿ, ಗಿರ್ರನೆ ತಿರುಗಿ, ಪ್ರೆಸ್ಸಿನೊಳಗೆ ಇಡುವುದು ಅದರ ಕೆಲಸ. ಹನ್ನೆರಡು ಚಿಪ್ಪುಗಳನ್ನು ಅತಿ ಕಡಿಮೆ ಕರೆಂಟಿನಲ್ಲಿ ಯಾರು ಮುಗಿಸುತ್ತಾರೋ ಅವರಿಗೆ ಆರಕ್ಕೆ ಆರು ಅಂಕ ಎಂದು ಪ್ರೊಫೆಸರ್ ಸ್ತಾನೆವಾ ಗೋಡೆಯ ಮೀಟರು ತೋರಿಸಿ ಹೇಳಿದ್ದರು. ಅದನ್ನು ಹೇಳಲು ಅವರಿಗೆ ಬೇರೆ ಊರು ಸಿಗಲಿಲ್ಲ! ಸ್ಟುದೆನೆಟ್ಸಿನವರು ಸೂಪು ಕುದಿಯುವಾಗ ಪಾತ್ರೆಯ ಮೇಲೆ ಬಗ್ಗಿ ಅಳುವ ಜನ, ಬಿದ್ದ ಕಣ್ಣೀರಿನಷ್ಟು ಉಪ್ಪು ಉಳಿಯಲೆಂದು. ಕಡಿಮೆ ಖರ್ಚಿನ ಪಂದ್ಯವೆಂದರೆ ಇಲ್ಲಿ ಕೊಲೆಯೇ ಆಗಬಹುದು.

ಗೂಡಿಗೆ ಒಂದು ಕಟ್ಟುನಿಟ್ಟಾದ ನಿಯಮ ಇತ್ತು. ಒಳಗೆ ಕಾಲಿಡುವವರು ಮೊದಲು ಹೊರಗಿನ ದೊಡ್ಡ ಸ್ವಿಚ್ಚನ್ನು ಕೆಳಗಿಳಿಸಿ ಅದಕ್ಕೆ ತಮ್ಮದೇ ಬೀಗ ಹಾಕಿ, ಚಾವಿಯನ್ನು ತಮ್ಮದೇ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಬೀಗ ಇರುವ ತನಕ ರೋಬೋಟಿಗೆ ಜೀವ ಬರುವುದಿಲ್ಲ. ಯಾರಾದರೂ ಬೀಗ ತೆಗೆಯದೆ ಮರೆತುಹೋದರೆ, ಹೆಸರು ಕೂಗಿ, ಒಳಗೆಲ್ಲ ಹುಡುಕಿ, ಆಮೇಲೆ ಬೀಗವನ್ನು ದೊಡ್ಡ ಕತ್ತರಿಯಿಂದ ಕತ್ತರಿಸಬೇಕು. ಗೋಡೆಯ ಮೇಲೆ ಹಾಗೆಂದು ಬರೆದಿತ್ತು. ಆದರೆ ಗಟ್ಟಿಮುಟ್ಟಾದ ಬೀಗವನ್ನು ಕತ್ತರಿಸುವುದೆಂದರೆ ರಾಚೋಗೆ ತನ್ನದೇ ಹೆಬ್ಬೆರಳು ಕತ್ತರಿಸಿದಂತೆ. ಆದ್ದರಿಂದ ಪ್ರತಿಯೊಬ್ಬರ ಬೀಗಕ್ಕೂ ಅವನು ತಾನೇ ಅರ ಹಿಡಿದು ಗುಟ್ಟಾಗಿ ಎರಡನೇ ಚಾವಿ ಮಾಡಿಕೊಂಡಿದ್ದ. ಗೊಂಚಲು ಮೇಜಿನ ಡ್ರಾಯರಿನಲ್ಲಿ, ಹೆಂಡತಿ ಕಟ್ಟಿಕೊಡುವ ಚೀಸು ತುಂಬಿದ ಬಾನಿತ್ಸಾ ಕಡುಬಿನ ಪೊಟ್ಟಣದ ಅಡಿಯಲ್ಲಿ ಇರುತ್ತಿತ್ತು.

ಮಂಗಳವಾರ ಇಗ್ಲಿಕಾ ತನ್ನ ಚಾವಿಯನ್ನೂ ಎಲ್ಲೋ ಬಿಟ್ಟು ಬಂದಿದ್ದಳು, ಅವನು ವೆಲ್ಕೊನ ಕಣ್ಣೆದುರೇ ಆ ಎರಡನೇ ಚಾವಿ ತೆಗೆದು ಇಗ್ಲಿಕಾಳ ಬೀಗ ಬಿಚ್ಚಿದ.

"ನೋಡು, ಮುಗೀತು. ಬೀಗಾನೂ ಉಳೀತು, ಮೂಗೂ ಉಳೀತು."

"ಮೂಗೆಲ್ಲಿ ಉಳೀತು ಮೇಸ್ತ್ರಿ?"

"ಇದೆಯಲ್ಲೋ, ಸ್ವಲ್ಪ ಪಕ್ಕಕ್ಕೆ."

ಗುರುವಾರ ಬೆಳಗ್ಗೆ ಇಗ್ಲಿಕಾ ಬೇಗ ಬಂದಳು. ಹಣೆಯ ಮೇಲೆ ಬದನೆಕಾಯಿಯಷ್ಟು ಊತ, ಮಣಿಕಟ್ಟಿನಲ್ಲಿ ಮಾರ್ಚ್ ತಿಂಗಳಲ್ಲಿ ಅಲ್ಲಿಯವರು ಶುಭಕ್ಕೆಂದು ಕಟ್ಟಿಕೊಳ್ಳುವ ಕೆಂಪು-ಬಿಳಿ ದಾರ.

"ಮೇಸ್ತ್ರಿ, ಎಲ್ಲೋ ಗಾಳಿ ಸೋರ್ತಿದೆ. ರೋಬೋಟಿನ ಹಿಡಿಕೆಗೆ ಹೋಗೋ ಪೈಪಲ್ಲಿ. ಮೀಟರ್ ಅದಕ್ಕೇ ಕುದುರೆ ಥರ ಓಡೋದು."

"ಹುಡುಕು ಮಗಳೇ. ಸೋರೋ ಗಾಳಿ ನಮ್ಮಪ್ಪನ ಕಾಲದ ಕುಡುಕರಿಗಿಂತ ಜಾಸ್ತಿ ಕುಡಿಯುತ್ತೆ."

ಅವಳು ಬೀಗ ಹಾಕಿ ಒಳಗೆ ಹೋದಳು. ಬಾಗಿಲು ಅವಳ ಬೆನ್ನಿಗೆ ತಾನಾಗಿ ಮುಚ್ಚಿಕೊಂಡಿತು. ಬಿಸಿ ಹೊರಗೆ ಹೋಗಬಾರದೆಂದು ರಾಚೋ ಕಟ್ಟಡದ ಎಲ್ಲ ಬಾಗಿಲುಗಳಿಗೂ ಸ್ಪ್ರಿಂಗು ಹಾಕಿದ್ದ. ಕೈ ಓಡುತ್ತಿದ್ದ ಭರದಲ್ಲಿ ಈ ಬಲೆಯ ಬಾಗಿಲಿಗೂ ಹಾಕಿಬಿಟ್ಟಿದ್ದ. ಅದರಲ್ಲಿ ಬಿಸಿ ನಿಲ್ಲುವುದಾದರೆ ಜರಡಿಯಲ್ಲಿ ಹಾಲು ಕಾಯಿಸಬಹುದಿತ್ತು. ಇಗ್ಲಿಕಾ ಪ್ರೆಸ್ಸಿನ ಹಿಂದೆ ಹೊಟ್ಟೆ ಅಡಿಯಾಗಿ ಮಲಗಿ, ಪೈಪಿಗೆ ಕಿವಿ ಹಚ್ಚಿದಳು. ಹೊರಗಿನಿಂದ ನೋಡಿದರೆ ಅವಳ ಬೂಟಿನ ತುದಿಯೂ ಕಾಣುತ್ತಿರಲಿಲ್ಲ. ರಾಚೋ ಅರ್ಧ ಬಾನಿತ್ಸಾ ಹಿಡಿದುಕೊಂಡು, ತನ್ನ ಒಲೆ ಉರಿಸುವುದೇಕೆಂದು, ಕಾವಲುಗಾರನ ಕೋಣೆಯ ಬಿಸಿಯಲ್ಲಿ ತಿನ್ನಲು ಹೋದ.

ಮೂರನೇ ತುತ್ತಿಗೆ ಅವನ ಬಾಯಿ ನಿಂತಿತು. ಕಾರ್ಯಾಗಾರದಿಂದ ಮೋಟಾರಿನ ಕೂಗು ಬರುತ್ತಿತ್ತು.

ಇಗ್ಲಿಕಾ ಒಳಗಿದ್ದಾಳೆ. ಬೀಗ ಅವಳದು. ಚಾವಿ ಅವಳ ಜೇಬಿನಲ್ಲಿದೆ. ಹಾಗಾದರೆ ಈ ಸದ್ದು?

ಅವನು ಓಡಿದ. ಅರವತ್ತಕ್ಕೆ ಒಂದು ವರ್ಷ ಕಡಿಮೆ, ನೂರಹತ್ತು ಕಿಲೋ ಮೈ, ನೆಲವೇ ಅದುರಿತು. ಡ್ರಾಯರು ತೆರೆದು ನಾಲಿಗೆ ಚಾಚಿತ್ತು. ಬಾನಿತ್ಸಾ ಪೊಟ್ಟಣ ನೆಲದಲ್ಲಿ. ಸ್ವಿಚ್ಚಿನ ಕೆಳಗೆ ಬೀಗ, ಒಂದು ಗೀರೂ ಇಲ್ಲದೆ, ಬಾಯಿ ತೆರೆದು ಬಿದ್ದಿತ್ತು. ಮೂಗಿಗೆ ಪಟ್ಟಿ ಕಟ್ಟಿಕೊಂಡ ವೆಲ್ಕೊ ಯಂತ್ರ ನಿಲ್ಲಿಸುವ ಕೆಂಪು ಗುಂಡಿಗೆ ಬೆನ್ನು ಕೊಟ್ಟು, ಮೀಟರು ನೋಡುತ್ತ ನಿಂತಿದ್ದ.

"ನಿಲ್ಸೋ! ನಿಲ್ಸೋ ಅದನ್ನ!"

ಯಂತ್ರದ ಗದ್ದಲದಲ್ಲಿ ವೆಲ್ಕೊಗೆ ಕೇಳಿಸಿದ್ದು ಬರೀ ಗುಡುಗು. ಡ್ರಾಯರಿಗೆ ಕೈ ಹಾಕಿದ್ದಕ್ಕೆ ಮುದುಕ ಕೊಲ್ಲಲು ಬರುತ್ತಿದ್ದಾನೆ ಎಂದುಕೊಂಡ. ಕೈಗೆ ಸಿಕ್ಕಿದ ಕಬ್ಬಿಣದ ಸಲಾಕೆ ಎತ್ತಿ ಬೀಸಿದ. ಅದು ರಾಚೋನ ಕೊರಳ ಬುಡದ ಮೂಳೆಗೆ ಬಿತ್ತು. ಒಣ ಕಟ್ಟಿಗೆ ಮುರಿದಂಥ ಸದ್ದು. ಎರಡನೇ ಏಟು ಕಿವಿಯನ್ನು ಅರ್ಧ ಹರಿಯಿತು. ರಾಚೋ ಅವನ ಹೊಟ್ಟೆಗೆ ಗುದ್ದಿದ ಗುದ್ದಿಗೆ ಬೇರೆಯವನಾಗಿದ್ದರೆ ಮೂರು ದಿನದ ಹಿಂದೆ ತಿಂದದ್ದನ್ನೂ ಕಕ್ಕುತ್ತಿದ್ದ. ವೆಲ್ಕೊ ಕಕ್ಕಿದ, ಆದರೆ ಗುಂಡಿ ಬಿಟ್ಟು ಜರುಗಲಿಲ್ಲ. ಅವನ ಹೆಬ್ಬೆರಳು ರಾಚೋನ ಕಣ್ಣಿಗೆ ಹೊಕ್ಕಿತು.

ಗೂಡಿನೊಳಗೆ ತೋಳು ಚಿಪ್ಪನ್ನು ಕಚ್ಚಿ ಎತ್ತಿತು. ಸೋರುವ ಗಾಳಿಗೆ ಹಿಡಿತ ಸಡಿಲ. ಗಿರ್ರನೆ ತಿರುಗುವಾಗ ಹದಿನೆಂಟು ಕಿಲೋ ಕಬ್ಬಿಣ ಕವಣೆಕಲ್ಲಿನಂತೆ ಹಾರಿ, ಬಲೆ ಹರಿದು, ಹೊಡೆದಾಡುತ್ತಿದ್ದ ಎರಡು ತಲೆಗಳ ನಡುವೆ ಸುಯ್ಯೆಂದು ಹಾದು, ಹಿಂದಿನ ಕಪಾಟಿನಲ್ಲಿ ಹೊಕ್ಕು ಕುಳಿತಿತು. ಖಾಲಿ ತೋಳು ಮುಂದೆ ಹೋಯಿತು. ಪ್ರೆಸ್ಸಿನ ಹಿಂದಿನಿಂದ, ಅಷ್ಟು ಹೊತ್ತೂ ತೋಳಿಗೆ ಹೆದರಿ ಅಡಗಿದ್ದು ಚಿಪ್ಪು ಸಿಡಿದ ಸದ್ದಿಗೆ ಏಳಲು ಹೊರಟವಳನ್ನು, ಎದೆಯ ಮೇಲೆ ಒತ್ತಿ, ಉಕ್ಕಿನ ಚೌಕಟ್ಟಿಗೆ ಸೇರಿಸಿತು.

ಕಿರುಚಾಟ ಅರ್ಧಕ್ಕೆ ನಿಂತಿತು. ಉಸಿರೇ ಇಲ್ಲದಿದ್ದರೆ ಕಿರುಚುವುದು ಹೇಗೆ?

ವೆಲ್ಕೊನ ಕೈ ಸಡಿಲಾಯಿತು. ರಾಚೋ ಅವನನ್ನು ತಬ್ಬಿಕೊಂಡೇ ಮುಂದೆ ಬಿದ್ದು ಹಣೆಯಿಂದ ಕೆಂಪು ಗುಂಡಿ ಚಚ್ಚಿದ. ತೋಳು ನಿಂತಿತು, ನಿಂತಲ್ಲೇ ನಿಂತಿತು. ಅವಳನ್ನು ಒತ್ತಿಕೊಂಡೇ.

ಬಲೆಯ ಸಂದಿಯಿಂದ ರಾಚೋಗೆ ಕಂಡದ್ದು ಒಂದು ಕೈ. ಮಣಿಕಟ್ಟಿನ ದಾರದಲ್ಲಿ ಬಿಳಿಯ ಎಳೆ ಉಳಿದಿರಲಿಲ್ಲ.

"ಯಾರೂ ಇರ್ಲಿಲ್ಲ ಮೇಸ್ತ್ರಿ," ವೆಲ್ಕೊ ತೊದಲಿದ. "ನೋಡ್ದೆ ನಾನು. ಬಾಗಿಲು ಮುಚ್ಚಿತ್ತು. ಮಂಗಳವಾರದ ಥರಾನೇ ಮರ್ತು ಹೋಗಿದಾಳೆ ಅಂತ..."

ರಾಚೋ ಸ್ವಿಚ್ಚಿನ ಕೆಳಗೆ ಬಿದ್ದ ಬೀಗ ನೋಡಿದ. ಬಾಗಿಲು ಮುಚ್ಚಿದ್ದು ತನ್ನ ಸ್ಪ್ರಿಂಗು. ಬೀಗ ತೆಗೆದದ್ದು ತನ್ನ ಚಾವಿ.

ಇಬ್ಬರೂ ಒಳಗೆ ನುಗ್ಗಿದರು. ತೋಳಿನ ಬುಡದಲ್ಲಿ ಒಂದು ಗುಂಡಿ ಇದೆ. ಒತ್ತಿದರೆ ಬ್ರೇಕು ಬಿಡುತ್ತದೆ, ಆದರೆ ತೋಳು ತನ್ನ ಇಡೀ ಭಾರದಿಂದ ಕುಸಿಯುತ್ತದೆ, ನೇರ ಅವಳ ಕುತ್ತಿಗೆಯ ಮೇಲೆ. ಇಗ್ಲಿಕಾಳ ತುಟಿ ನೀಲಿಯಾಗಿತ್ತು. ವೆಲ್ಕೊ ಮಂಡಿಯೂರಿ ತೋಳಿನ ಕೆಳಗೆ ಭುಜ ಕೊಟ್ಟ.

"ಒತ್ತಿ ಮೇಸ್ತ್ರಿ!"

"ಭುಜ ಕಿತ್ತುಹೋಗ್ತದೆ ಕಣೋ."

"ಮೂಗೇ ಹೋಗಿದೆ, ಒತ್ತಿ!"

"ಆಮೇಲೆ... ಕಿತ್ತಾಡ್ರೋ," ಎಂದಿತು ಇಗ್ಲಿಕಾಳ ಗಂಟಲಿನಿಂದ ಒಂದು ಗೊರಗೊರ. "ಸಾಯ್ತಿದೀನಿ."

ರಾಚೋ ಬಲಗೈಯಿಂದ ಗುಂಡಿ ಒತ್ತಿದ. ಎಡಗೈಯನ್ನು ತೋಳಿಗೂ ಅವಳ ಗಂಟಲಿಗೂ ನಡುವೆ, ಉಕ್ಕಿನ ಅಂಚಿಗೆ ಆನಿಸಿ ಬೆಣೆಯಂತೆ ಇಟ್ಟ. ಭಾರ ಇಳಿಯಿತು. ವೆಲ್ಕೊನ ಭುಜ ಕೀಲಿನಿಂದ ಕಳಚಿದ್ದು ಕೇಳಿಸಿತು. ರಾಚೋನ ಮೂರು ಬೆರಳುಗಳು ಉಕ್ಕಿನ ನಡುವೆ ವಾಲ್‌ನಟ್ಟಿನಂತೆ ಒಡೆದವು. ಅವನು ಕೂಗಿದ ಕೂಗಿಗೆ ಊರಿನ ಚರ್ಚಿನ ಗಂಟೆ ತಾನಾಗಿ ಒಮ್ಮೆ ಬಡಿಯಿತು ಎನ್ನುವವರು ಇಂದಿಗೂ ಇದ್ದಾರೆ. ಇಗ್ಲಿಕಾ ಹಾವಿನಂತೆ ಜಾರಿ ಹೊರಗೆ ಬಂದು, ರಕ್ತ ಉಗಿದು, ಉಸಿರೆಳೆದಳು.

ಎರಡು ವಾರದ ಮೇಲೆ ಆಸ್ಪತ್ರೆಗೆ ಪ್ರೊಫೆಸರ್ ಸ್ತಾನೆವಾ, ಜೊತೆಗೆ ತನಿಖೆಯ ಇಬ್ಬರು ಬಂದರು. ಇಗ್ಲಿಕಾಗೆ ನಾಲ್ಕು ಪಕ್ಕೆಲುಬು ಮುರಿದಿದ್ದವು, ಆದರೂ ಗೋಡೆ ಹಿಡಿದು ಬಂದು ರಾಚೋನ ಮಂಚದ ಪಕ್ಕ ಕುಳಿತಿದ್ದಳು. ವೆಲ್ಕೊ ಭುಜಕ್ಕೆ ಜೋಳಿಗೆ ಕಟ್ಟಿಕೊಂಡು ಬಾಗಿಲ ಹತ್ತಿರ ನಿಂತಿದ್ದ. ತಂತಿ ಹಾಕಿ ಬೀಗ ತೆಗೆದೆ ಎಂದು ಅವನು ಆಗಲೇ ಬರೆದುಕೊಟ್ಟಿದ್ದ. ಹುಡುಗನನ್ನು ಓದಿನಿಂದಲೇ ಹೊರಹಾಕುವ ಕಾಗದ ಸಿದ್ಧವಿತ್ತು. ಮೇಸ್ತ್ರಿಗೆ ಪಿಂಚಣಿಗೆ ಒಂದೇ ವರ್ಷ. ಸುಮ್ಮನಿದ್ದರೆ ಸಾಕಿತ್ತು.

ರಾಚೋ ಒಂಟಿ ಕಣ್ಣು ತೆರೆದು ವೆಲ್ಕೊನನ್ನು ನೋಡಿದ. ಆಮೇಲೆ ದಿಂಬಿನ ಅಡಿಯಿಂದ ಗೊಂಚಲು ತೆಗೆದು ಹೊದಿಕೆಯ ಮೇಲೆ ಎಸೆದ.

"ತಂತೀಲಿ ಬೀಗ ತೆಗೆಯೋಷ್ಟು ಬುದ್ಧಿ ಇದ್ದಿದ್ರೆ ಇವನು ಮೀಟರಿನ ಪಂದ್ಯ ಯಾವತ್ತೋ ಗೆಲ್ತಿದ್ದ. ಚಾವಿ ನಾನು ಮಾಡಿದ್ದು. ತೆಗೆಯೋದನ್ನ ತೋರಿಸಿಕೊಟ್ಟವನೂ ನಾನೇ. ಬೀಗ ಉಳಿಸಿದೆ ಸ್ವಾಮಿ, ಬೆರಳು ಕಳ್ಕೊಂಡೆ."

ಇಗ್ಲಿಕಾ ಎದ್ದು, ಮೆಲ್ಲಗೆ ಬಾಗಿಲ ತನಕ ಹೋಗಿ, ಎಡಗೈಯಿಂದ ವೆಲ್ಕೊನ ಕೆನ್ನೆಗೆ ಬಾರಿಸಿದಳು. ಕಿಟಕಿಯ ಗಾಜು ಝಲ್ಲೆಂದಿತು.

"ಇದು ಯಾಕೇ?"

"ಹೆಸರು ಕೂಗದೆ ಇದ್ದಿದ್ದಕ್ಕೆ. ಭುಜಕ್ಕೆ ಆಮೇಲೆ ಥ್ಯಾಂಕ್ಸ್ ಹೇಳ್ತೀನಿ, ಕೈ ನೋಯ್ತಿದೆ."

ರಾಚೋನ ಕೆಲಸ ಹೋಯಿತು. ವೆಲ್ಕೊನನ್ನು ಆರು ತಿಂಗಳು ಹೊರಗಿಟ್ಟು ಮತ್ತೆ ಸೇರಿಸಿಕೊಂಡರು. ಆದರೆ ಪ್ರತಿ ವರ್ಷ ಹೊಸಬರ ಮೊದಲ ಪಾಠಕ್ಕೆ ಪ್ರೊಫೆಸರ್ ರಾಚೋನನ್ನೇ ಕರೆಯುತ್ತಾರೆ. ಅವನು ತನ್ನದೇ ದುಡ್ಡಿನಲ್ಲಿ ಕೊಂಡ ಹೊಚ್ಚಹೊಸ ಬೀಗವನ್ನು ಸ್ವಿಚ್ಚಿಗೆ ಹಾಕಿ, ಎರಡು ಬೆರಳಿನ ಕೈಯಿಂದ ದೊಡ್ಡ ಕತ್ತರಿ ಎತ್ತಿ ಒಬ್ಬರಿಗೆ ಕೊಡುತ್ತಾನೆ.

"ಬೀಗದೋನು ಕಾಣ್ತಿಲ್ಲ. ಏನ್ಮಾಡ್ತೀಯ?"

"ಕೂಗಿ ನೋಡ್ದೆ ಮೇಸ್ತ್ರಿ. ಒಳಗೂ ನೋಡ್ದೆ. ಯಾರೂ ಇಲ್ಲ."

"ಪ್ರೆಸ್ಸಿನ ಹಿಂದೆ?"

ಹುಡುಗಿ ಮತ್ತೆ ಒಳಗೆ ಹೋಗುತ್ತಾಳೆ. ಸ್ಪ್ರಿಂಗಿಲ್ಲದ ಬಾಗಿಲು ತೆರೆದೇ ಇರುತ್ತದೆ. ಹೊಟ್ಟೆ ಅಡಿಯಾಗಿ ಮಲಗಿ, ಮೈಯೆಲ್ಲ ಧೂಳು ಮಾಡಿಕೊಂಡು ಬರುತ್ತಾಳೆ.

"ಇಲ್ಲ. ಮೇಸ್ತ್ರಿ, ಇದಕ್ಕೆ ಇನ್ನೊಂದು ಚಾವಿ ಇಲ್ವಾ? ಪಾಪ, ಹೊಸಾ ಬೀಗ."

"ಇಲ್ಲ. ಕತ್ತರಿಸು."

ಕಟ್ ಎನ್ನುತ್ತದೆ. ರಾಚೋ ಗೋಡೆಯ ಕಡೆ ತಿರುಗಿಕೊಳ್ಳುತ್ತಾನೆ, ಭುಜ ಅಲುಗುತ್ತದೆ. ಮನೆಗೆ ಹೋದ ಮೇಲೂ ಅಳು ನಿಲ್ಲುವುದಿಲ್ಲ. ಹೆಂಡತಿ ಬೈಯುತ್ತಲೇ ಅವನನ್ನು ಒಲೆಯ ಹತ್ತಿರ ಕೂರಿಸುತ್ತಾಳೆ, ಸೂಪಿನ ಪಾತ್ರೆಗೆ ಸರಿಯಾಗಿ.